ನೆಲ್ಲಿಕಾಯಿ ಗಂಟಿನ ಹಕ್ಕುದಾರರು

ಪುಕ್ಕಟೆ ಸಲಹೆ ಕೊಡಬೇಡ ಎಂದು ನನ್ನ ಸೀನಿಯರ್ ವಕೀಲರು ಮೊದಲ ದಿನವೇ ಹೇಳಿದ್ದರು. ದುಡ್ಡು ಕೊಟ್ಟು ಕೇಳಿದವನು ನಾವು ಹೇಳಿದ್ದನ್ನು ಎಂದೂ ಮಾಡುವುದಿಲ್ಲ, ಹೀಗಾಗಿ ಯಾರಿಗೂ ಅಪಾಯವಿಲ್ಲ. ಪುಕ್ಕಟೆ ಕೇಳಿದವನು ಮಾತ್ರ ಮಾಡಿಯೇಬಿಡುತ್ತಾನೆ. ಸಂಜಯನಗರದ ನಮ್ಮ ರಸ್ತೆಯಲ್ಲಿ ನಡೆದದ್ದಕ್ಕೆಲ್ಲ ನಾನೇ ಕಾರಣ ಎಂದು ಈಗಲೂ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ನಾನು ಹೇಳಿದ್ದು ಕಾನೂನು, ಮಾಡಿದ್ದು ಸೇತುರಾಮರು.

ಸೇತುರಾಮರು ನಮ್ಮ ಎದುರು ಮನೆಯವರು. ಮತ್ತಿಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು. ಆ ಕಾಲೇಜಿನ ಸುತ್ತ ಇರುವ ಜೆರಾಕ್ಸ್ ಅಂಗಡಿಯವರಿಗೆಲ್ಲ ಅವರ ಗುರುತಿದೆ, ಯಾಕೆಂದರೆ ಅಷ್ಟೂ ಅಂಗಡಿಯವರ ಜೊತೆ ಅವರು ಒಂದಲ್ಲ ಒಂದು ದಿನ ಜಗಳವಾಡಿದ್ದಾರೆ. ಹುಡುಗರು ಲೈಬ್ರರಿಯಿಂದ ಪುಸ್ತಕ ಒಯ್ದು ರಟ್ಟಿನಿಂದ ರಟ್ಟಿನವರೆಗೆ ಜೆರಾಕ್ಸ್ ಮಾಡಿಸುತ್ತಿದ್ದರು. ಸೇತುರಾಮರು ಹಿಂದೆಯೇ ಹೋಗಿ ಮೆಷಿನ್ನಿನ ಮುಚ್ಚಳ ಎತ್ತಿ ಪುಸ್ತಕ ಕಿತ್ತುಕೊಂಡು ಬರುತ್ತಿದ್ದರು. "ಇನ್ನೊಬ್ಬರ ಬೆವರು ಕಣಯ್ಯಾ ಇದು, ನಿನ್ನ ಅಪ್ಪನ ಮನೆ ಆಸ್ತಿ ಅಲ್ಲ" ಎನ್ನುವುದು ಅವರ ಖಾಯಂ ಮಾತು. ಹುಡುಗರು ಅವರಿಗೊಂದು ಅಡ್ಡಹೆಸರು ಇಟ್ಟಿದ್ದರು. ಅದನ್ನು ಇಲ್ಲಿ ಬರೆಯಲು ನಾನು ಅವರ ಅನುಮತಿ ಕೇಳಿಲ್ಲ.

ಇಂಥವರ ಮನೆಗೆ ಆ ಪುಸ್ತಕ ಬಂತು.

ಬಂದದ್ದು ಅವರ ಹೆಂಡತಿ ಅಲಮೇಲಮ್ಮನವರ ದೆಸೆಯಿಂದ. ಅಲಮೇಲಮ್ಮನ ಅಕ್ಕ ಯಲಹಂಕ ನ್ಯೂ ಟೌನಿನಲ್ಲಿದ್ದಾರೆ. ಅಕ್ಕನ ಮಗಳು ರಂಜನಿಗೆ ಮದುವೆ ಗೊತ್ತಾಯಿತು. ತಾಂಬೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರೆ ಈಗ ಮರ್ಯಾದೆ ಹೋಗುತ್ತದೆ, ಬಟ್ಟೆ ಚೀಲದಲ್ಲಿ ಕೊಟ್ಟರೆ ಎಲ್ಲರೂ ಕೊಟ್ಟ ಹಾಗೆ ಕೊಟ್ಟಂತಾಗುತ್ತದೆ. "ಕೈಯಲ್ಲಿ ಹೆಣೆದ ಪುಟ್ಟ ವೈರ್ ಬುಟ್ಟೀಲಿ ಕೊಡೋಣ ಅಕ್ಕಾ, ನಾನು ಮಾಡಿಸ್ಕೊಡ್ತೀನಿ" ಎಂದು ಅಲಮೇಲಮ್ಮ ಮಾತು ಕೊಟ್ಟುಬಿಟ್ಟರು. ವೈರ್ ಕೂಡ ಪ್ಲಾಸ್ಟಿಕ್ಕೇ ಅಲ್ಲವೇ ಎಂದು ನಾನು ಬಾಯಿ ತೆರೆದೆ. ನನ್ನ ಹೆಂಡತಿ ನನ್ನ ಕಾಲು ತುಳಿದಳು.

ಆ ಅಕ್ಕ ತಂಗಿಯರ ನಡುವೆ ಮಾತು ಎಂದರೆ ಸ್ಟಾಂಪ್ ಪೇಪರಿಗಿಂತ ಹೆಚ್ಚು. ಅಲಮೇಲಮ್ಮನ ಮದುವೆಯಲ್ಲಿ ಅಕ್ಕ ಒಬ್ಬರೇ ಕೂತು ಆರತಿ ತಟ್ಟೆಗಳನ್ನೆಲ್ಲ ಸಿಂಗರಿಸಿದ್ದರಂತೆ. ಅದನ್ನು ಯಾರೂ ಮರೆತಿಲ್ಲ, ಮರೆಯಲು ಅಕ್ಕ ಬಿಟ್ಟಿಲ್ಲ. ಆ ಋಣ ಬುಟ್ಟಿಯಲ್ಲಿ ತೀರಬೇಕಿತ್ತು.

ಬೀದಿಯ ಹೆಂಗಸರೆಲ್ಲ ಹಂಚಿಕೊಂಡು ಹೆಣೆಯುವುದೆಂದಾಯಿತು. ಸಾದಾ ಗಂಟು ಎಲ್ಲರಿಗೂ ಬರುತ್ತಿತ್ತು. ಆದರೆ ಅಕ್ಕ ಕೇಳಿದ್ದು ನೆಲ್ಲಿಕಾಯಿ ಗಂಟಿನ ಬುಟ್ಟಿ, ಅಂದರೆ ಹೊರಮೈ ಪೂರ್ತಿ ನೆಲ್ಲಿಕಾಯಿ ಸಾಲಿಟ್ಟ ಹಾಗೆ ಉಬ್ಬುಬ್ಬಾಗಿ ಕಾಣುವಂಥದ್ದು. ಅದು ಒಬ್ಬರಿಗೂ ಬರುತ್ತಿರಲಿಲ್ಲ. ಯೂಟ್ಯೂಬ್ ಹಾಕಿದರೆ ಹೆಣೆಯುವವರ ಬಳೆ ಚೆನ್ನಾಗಿ ಕಾಣುತ್ತಿತ್ತು, ಗಂಟು ಬಳೆಯ ಹಿಂದೆ ಇರುತ್ತಿತ್ತು. ಕೊನೆಗೆ ಮೂಲೆ ಮನೆಯ ಗೋಪಾಲಮ್ಮ ಅಟ್ಟದಿಂದ ಒಂದು ಪುಸ್ತಕ ತೆಗೆಸಿ ಕೊಟ್ಟರು. 'ಮನೆಯಲ್ಲೇ ವೈರ್ ಬುಟ್ಟಿ' ಎಂದು ಹೆಸರು. ಬರೆದವರು ದಾಕ್ಷಾಯಣಿ ಅಬ್ಬಿಗೇರಿ, ಪ್ರಕಟಿಸಿದವರೂ ಅವರೇ, ಅಚ್ಚಾದದ್ದು ಹುಬ್ಬಳ್ಳಿಯ ಯಾವುದೋ ಪ್ರೆಸ್ಸಿನಲ್ಲಿ. ನೆಲ್ಲಿಕಾಯಿ ಗಂಟಿಗೆ ಒಂದು ಇಡೀ ಅಧ್ಯಾಯ, ಒಂದೊಂದು ಮಡಿಕೆಗೂ ಒಂದೊಂದು ಚಿತ್ರ. ಹಾಳೆಗಳು ಮಾತ್ರ ಸುಟ್ಟ ಹಪ್ಪಳದ ಹಾಗಾಗಿದ್ದವು, ಮುಟ್ಟಿದರೆ ಅಂಚು ಉದುರುತ್ತಿತ್ತು. ಹಿಂದಿನ ರಟ್ಟಿನಲ್ಲಿ ಲೇಖಕಿಯ ಕಪ್ಪು ಬಿಳುಪು ಫೋಟೋ: ಎರಡು ಜಡೆ, ಅಗಲವಾದ ಕುಂಕುಮ, ಮಡಿಲಲ್ಲಿ ಒಂದು ಬುಟ್ಟಿ.

"ಇದು ಪೂರ್ತಿ ಉದುರೋದ್ರೊಳಗೆ ಎಲ್ಲರಿಗೂ ಒಂದೊಂದು ಜೆರಾಕ್ಸ್ ಮಾಡಿಸ್ಕೊಂಡ್ ಬನ್ನಿ" ಎಂದು ಅಲಮೇಲಮ್ಮ ಗಂಡನ ಕೈಗೆ ಪುಸ್ತಕ ಕೊಟ್ಟರು. ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ಇಂಥ ತಪ್ಪು ಮಾಡಬಾರದಿತ್ತು.

ಸೇತುರಾಮರು ಆರ್.ಟಿ. ನಗರದ ಮುಬಶ್ಶಿರ್ ಅಂಗಡಿಗೆ ಹೋದರು. ಜೆರಾಕ್ಸ್, ಸ್ಕ್ಯಾನಿಂಗ್, ಫ್ಲೆಕ್ಸ್ ಎಲ್ಲವೂ ಅಲ್ಲೇ. ನನ್ನ ನೋಟರಿ ಆಫೀಸು ಪಕ್ಕದಲ್ಲೇ ಇರುವುದರಿಂದ ನಾನೂ ಅಲ್ಲಿದ್ದೆ. ಪುಸ್ತಕ ಕೊಡುವಾಗ ಮೊದಲ ಹಾಳೆ ಹೊಲಿಗೆ ಬಿಟ್ಟು ಸೇತುರಾಮರ ಕೈಯಲ್ಲೇ ಉಳಿಯಿತು. ಮುಬಶ್ಶಿರ್ ಉಳಿದದ್ದನ್ನು ಒಳಗೆ ಒಯ್ದ. ಸೇತುರಾಮರು ಸ್ಟೂಲಿನ ಮೇಲೆ ಕೂತು ಕಾಫಿ ತರಿಸಿ, ಓದಲು ಬೇರೇನೂ ಇಲ್ಲದೆ ಆ ಹಾಳೆಯನ್ನು ಓದಿದರು. ಕೆಳಗೆ ಸಣ್ಣಕ್ಷರದಲ್ಲಿ, 'ಎಲ್ಲ ಹಕ್ಕುಗಳೂ ಲೇಖಕಿಯವು, ಅನುಮತಿಯಿಲ್ಲದೆ ಯಾವ ಭಾಗವನ್ನೂ ನಕಲು ಮಾಡಕೂಡದು' ಎಂದಿತ್ತು. ಕಾಫಿ ಅರ್ಧಕ್ಕೇ ನಿಂತಿತು.

"ಮುಬಶ್ಶಿರ್, ನಿಲ್ಸಪ್ಪಾ" ಎಂದು ಎದ್ದರು.

"ಸಾರ್, ಆಗ್ಲೇ..."

"ಆಗ್ಲೇನೂ ಇಲ್ಲ, ಈಗ್ಲೇನೂ ಇಲ್ಲ. ನಿಲ್ಸು ಅಂದ್ರೆ ನಿಲ್ಸು."

"ಅದಲ್ಲ ಸಾರ್, ನಾನ್ ಏನ್ ಹೇಳ್ತಿದೀನಿ ಅಂದ್ರೆ..."

"ನೀವು ಜೆರಾಕ್ಸ್‌ನೋರು ಏನ್ ಹೇಳ್ತೀರಿ ಅಂತ ನನಗೆ ಸರ್ವಿಸ್ ಪೂರ್ತಿ ಗೊತ್ತು" ಎಂದು ಸೇತುರಾಮರು ಪುಸ್ತಕ ಕಿತ್ತುಕೊಂಡು ಮನೆಗೆ ನಡೆದರು. ಮುಬಶ್ಶಿರ್ ನನ್ನ ಮುಖ ನೋಡಿದ. ನಾನು ಉಳಿದ ಕಾಫಿ ಕುಡಿದೆ.

ಅಂದಿನಿಂದ ಪುಸ್ತಕ ಸೇತುರಾಮರ ಗಾಡ್ರೆಜ್ ಬೀರುವಿನಲ್ಲಿ ಬೆಳ್ಳಿ ಸಾಮಾನಿನ ಪಕ್ಕ ಸೇರಿತು. ಯಾರೂ ತೆರೆಯುವ ಹಾಗಿಲ್ಲ, ತೆರೆದರೆ ಉದುರುತ್ತದೆ. ನಕಲು ಮಾಡುವ ಹಾಗಿಲ್ಲ, ಮಾಡಿದರೆ ಅಪರಾಧವಾಗುತ್ತದೆ. ಅವರು ಹುಬ್ಬಳ್ಳಿಯ ಪ್ರೆಸ್ಸಿಗೆ ರಿಜಿಸ್ಟರ್ಡ್ ಪತ್ರ ಹಾಕಿದರು. 'ಈ ವಿಳಾಸದಲ್ಲಿ ಯಾರೂ ಇಲ್ಲ' ಎಂದು ವಾಪಸ್ ಬಂತು. ಹುಬ್ಬಳ್ಳಿಯಲ್ಲಿ ಪರಿಚಯದವರನ್ನು ಕಳಿಸಿದರೆ ಪ್ರೆಸ್ಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಂಗಡಿಯವನು ಪುಸ್ತಕದ ವಿಷಯ ತನಗೆ ತಿಳಿಯದು, ಬೇಕಾದರೆ ಸ್ಕ್ರೀನ್ ಗಾರ್ಡ್ ಹಾಕಿಕೊಡುತ್ತೇನೆ ಎಂದನಂತೆ.

ಆಗ ಅವರು ನನ್ನ ಮನೆಗೆ ಬಂದು ಪುಕ್ಕಟೆ ಸಲಹೆ ಕೇಳಿದರು.

"ಲೇಖಕಿ ಇದ್ರೆ ಅವರನ್ನ ಕೇಳ್ಬೇಕು" ಎಂದೆ. "ಹೋಗ್ಬಿಟ್ಟಿದ್ರೆ ವಾರಸುದಾರರನ್ನ ಕೇಳ್ಬೇಕು. ಸತ್ತ ಮೇಲೂ ಅರವತ್ತು ವರ್ಷ ಹಕ್ಕು ಇರತ್ತೆ."

ಜೊತೆಯಲ್ಲಿ ಬಂದಿದ್ದ ಅಲಮೇಲಮ್ಮ, "ಅಂದ್ರೆ ಅರವತ್ತು ವರ್ಷ ಮದುವೆ ಮುಂದಕ್ಕೆ ಹಾಕು ಅಂತ ಅಕ್ಕನ್ನ ಕೇಳ್ಲಾ?" ಎಂದರು.

"ಹಕ್ಕುದಾರರು ಸಿಗ್ಲೇ ಇಲ್ಲ ಅಂದ್ರೂ ದಾರಿ ಇದೆ. ಪೇಪರಲ್ಲಿ ನೋಟಿಸ್ ಹಾಕಿ, ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕ್ಬೇಕು."

ನಾನು ಹೇಳಿದ್ದು ಪೇಪರು ಎಂದು. ಇದನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಸೇತುರಾಮರು, "ಪೇಪರ್ ಈಗ ಯಾರು ಓದ್ತಾರೆ ವಕೀಲ್ರೇ? ನಾನೇ ಓದಲ್ಲ. ಜನ ನೋಡೋದು ಫ್ಲೆಕ್ಸು" ಎಂದರು. ನನಗೆ ಆ ಹೊತ್ತಿಗೆ ನಿದ್ದೆ ಬರುತ್ತಿತ್ತು. ಸರಿ ಎಂದು ತಲೆಯಾಡಿಸಿರಬಹುದು.

ಫ್ಲೆಕ್ಸಿನ ಒಕ್ಕಣೆಯನ್ನು ಸೇತುರಾಮರು ಎರಡು ದಿನ ಕೂತು ಬರೆದರು. 'ಈ ಮೇಲ್ಕಂಡ ಗ್ರಂಥದ ಕರ್ತೃಗಳಾದ' ಎಂದು ಶುರುವಾಗಿ, ಉಸಿರು ಬಿಡದೆ ಒಂದೇ ವಾಕ್ಯದಲ್ಲಿ ಹೋಗಿ, 'ಹಕ್ಕುದಾರರು ಈ ಕೆಳಕಂಡವರನ್ನು ಬಂದು ಭೇಟಿಯಾಗತಕ್ಕದ್ದು' ಎಂದು ಮುಗಿಯುತ್ತಿತ್ತು. ಮುಬಶ್ಶಿರ್ ಅಷ್ಟನ್ನೂ ಹಿಡಿಸಲು ಅಕ್ಷರವನ್ನು ಇರುವೆಯಷ್ಟು ಮಾಡಿದ. ಉಳಿದ ಜಾಗಕ್ಕೆ ರಟ್ಟಿನಲ್ಲಿದ್ದ ಲೇಖಕಿಯ ಫೋಟೋ ಹಾಕಿದ. ಎರಡು ಜಡೆ, ಅಗಲ ಕುಂಕುಮ, ಆಳೆತ್ತರ. ಬದಿಗಳು ಬೋಳು ಬೋಳಾಗಿ ಕಂಡವೆಂದು ತನ್ನ ಕಂಪ್ಯೂಟರಿನಲ್ಲಿದ್ದ ಎರಡು ದೀಪಗಳನ್ನು ಎರಡು ಕಡೆ ಇಟ್ಟ. ಕೆಳಗೆ ಅಭ್ಯಾಸಬಲದಿಂದ 'ಇಂತಿ, ಸೇತುರಾಮ, ಅಲಮೇಲು ಹಾಗೂ ಬಂಧುಮಿತ್ರರು' ಎಂದು ಸೇರಿಸಿ ಫೋನ್ ನಂಬರ್ ಹಾಕಿದ. ಸೇತುರಾಮರು ಕನ್ನಡಕ ಏರಿಸಿ ಕಾಗುಣಿತ ಮಾತ್ರ ನೋಡಿದರು. ಒಂದು ತಪ್ಪೂ ಇರಲಿಲ್ಲ.

ಶುಕ್ರವಾರ ಸಂಜೆ ಮುಖ್ಯ ರಸ್ತೆಯ ಸರ್ಕಲಿನಲ್ಲಿ ಫ್ಲೆಕ್ಸ್ ಕಟ್ಟಿದರು. ಶನಿವಾರ ಬೆಳಗ್ಗೆ ಅದಕ್ಕೆ ಯಾರೋ ಸೇವಂತಿಗೆ ಹಾರ ಹಾಕಿದ್ದರು.

ನಮ್ಮ ಊರಿನಲ್ಲಿ ಫ್ಲೆಕ್ಸ್ ಓದುವವರಿಲ್ಲ, ನೋಡುವವರಿದ್ದಾರೆ. ಬಣ್ಣದ ಫೋಟೋ, ಕೂಲಿಂಗ್ ಗ್ಲಾಸ್ ಇದ್ದರೆ ಹುಟ್ಟುಹಬ್ಬ. ಕಪ್ಪು ಬಿಳುಪು ಫೋಟೋ, ಎರಡು ಕಡೆ ದೀಪ ಇದ್ದರೆ ಇನ್ನೇನು ಓದುವುದು? ಎಂಟು ಗಂಟೆಯ ಹೊತ್ತಿಗೆ ಗೋಪಾಲಮ್ಮ ಸೇತುರಾಮರ ಮನೆಗೆ ಬಂದರು. ಸಾವಿನ ಮನೆಗೆ ಬಂದಾಗ ಮಾಡುವಂತೆ, ಯಾರೂ ಬನ್ನಿ ಎನ್ನದಿದ್ದರೂ ತಾವೇ ಒಳಗೆ ಬಂದು ಗೋಡೆಗೊರಗಿ ಕೂತರು.

"ನಾನು ಪುಸ್ತಕ ಕೊಟ್ಟ ಗಳಿಗೆ ಸರಿ ಇರ್ಲಿಲ್ಲ ಅಲಮೇಲು" ಎಂದು ಕಣ್ಣೊರೆಸಿಕೊಂಡರು. "ಎಂಥಾ ಹೆಂಗ್ಸು. ಕೈಯಲ್ಲಿ ಬುಟ್ಟಿ ಇಟ್ಕೊಂಡೇ ಹೋಗ್ಬಿಟ್ಳು."

"ಯಾರೂ ಹೋಗಿಲ್ಲ ಗೋಪಾಲಮ್ಮ. ಅನುಮತಿ ಕೇಳೋದಕ್ಕೆ ಹುಡುಕ್ತಿದಾರೆ ಇವರು."

"ಹೂಂ, ಹುಡುಕ್ತಾನೇ ಇರ್ತೀವಿ ಕಣಮ್ಮಾ. ಹೋದೋರು ಎಲ್ಲಿ ಸಿಗ್ತಾರೆ."

ಸೇತುರಾಮರ ಫೋನು ಬೆಳಗಿನಿಂದ ಸುಮ್ಮನಾಗಲಿಲ್ಲ. ಕಾಪಿರೈಟ್ ವಿಷಯಕ್ಕೆ ಒಂದೇ ಒಂದು ಕರೆ ಬರಲಿಲ್ಲ. ವೈಕುಂಠ ಸಮಾರಾಧನೆಗೆ ಅಡುಗೆಯವರು ಬೇಕೇ ಎಂದು ಕೇಳಿದರು, ಗಯಾ ಕಾಶಿ ಪ್ಯಾಕೇಜಿನವರು ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ ಎಂದರು. ಒಬ್ಬರಂತೂ ಏನೂ ಮಾತಾಡದೆ ಅತ್ತು ಇಟ್ಟುಬಿಟ್ಟರು.

ಮಧ್ಯಾಹ್ನ ಪಾಲಿಕೆಯ ಫ್ಲೆಕ್ಸ್ ಕೀಳುವ ವ್ಯಾನು ಬಂತು. ಏಣಿ ಹಾಕಿ, ಚಾಕು ಹಿಡಿದು, ಸರ್ಕಲಿನಲ್ಲಿದ್ದ ಹುಟ್ಟುಹಬ್ಬಗಳನ್ನೆಲ್ಲ ಕೊಯ್ದು ಹಾಕಿದರು. ದಾಕ್ಷಾಯಣಿ ಅಬ್ಬಿಗೇರಿಯವರ ಮುಂದೆ ಬಂದಾಗ ಮೇಸ್ತ್ರಿ ಚಪ್ಪಲಿ ಬಿಟ್ಟು ಕೈ ಮುಗಿದ. ಅಲ್ಲೇ ಕಾವಲು ನಿಂತಿದ್ದ ಸೇತುರಾಮರಿಗೆ, "ಇದನ್ನ ಮುಟ್ಟಲ್ಲ ಸಾರ್. ಹನ್ನೊಂದನೇ ದಿನದ ಕಾರ್ಯ ಮುಗಿದ್ಮೇಲೆ ನೀವೇ ಇಳಿಸ್ಬಿಡಿ" ಎಂದ.

"ಇಲ್ಲಪ್ಪಾ, ಅವರು ಸತ್ತಿದಾರೆ ಅಂತ ನನಗೆ ಅನ್ನಿಸ್ತಿಲ್ಲ" ಎಂದರು ಸೇತುರಾಮರು. ಅವರು ಹೇಳಿದ್ದು ಅಕ್ಷರಶಃ ನಿಜ.

"ಅರ್ಥ ಆಗತ್ತೆ ಸಾರ್" ಎಂದು ಮೇಸ್ತ್ರಿ ಅವರ ಭುಜ ಮುಟ್ಟಿದ. "ನಮ್ಮವ್ವ ಹೋದಾಗ ನನಗೂ ಹಂಗೇ ಅನ್ನಿಸ್ತಿತ್ತು."

ಸಂಜೆಗೆ ಯಲಹಂಕದಿಂದ ಅಕ್ಕನ ಫೋನ್ ಬಂತು. ಇದುವರೆಗಿನದ್ದು ತಮಾಷೆ, ಇಲ್ಲಿಂದ ಮುಂದೆ ಅಲಮೇಲಮ್ಮನ ಪ್ರಾಣಕ್ಕೆ ಬಂತು.

"ನಿಮ್ಮನೇಲಿ ಸೂತಕ ಅಂತೆ. ಒಂದ್ ಮಾತು ಹೇಳ್ಬಾರ್ದಾ? ಬುಟ್ಟಿ ಬೇಡ ಕಣೇ. ಸೂತಕದ ಕೈಯಲ್ಲಿ ಹೆಣೆದಿದ್ದನ್ನ ತಾಂಬೂಲಕ್ಕೆ ಕೊಡೋಕಾಗತ್ತಾ? ನಾಂದಿಗೂ ನೀವು ಬರೋ ಹಾಗಿಲ್ಲ."

"ಸೂತಕ ಇಲ್ಲ ಅಕ್ಕಾ. ಆಯಮ್ಮ ನಮಗೆ ಏನೂ ಆಗ್ಬೇಕಿಲ್ಲ."

"ಏನೂ ಆಗ್ಬೇಕಿಲ್ಲ ಅಂದ್ಮೇಲೆ ನಿಮ್ಮನೆಯೋರು ಯಾಕೆ ಅಷ್ಟು ದೊಡ್ಡ ಫೋಟೋ ಹಾಕ್ಸಿದಾರೆ?"

"ಅವರ ಪುಸ್ತಕ ನಮ್ಮನೇಲಿದೆ."

"ಪುಸ್ತಕ ಬೇರೆ ಕೊಟ್ಟಿದಾಳಾ" ಎಂದರು ಅಕ್ಕ. "ಅಲಮೇಲು, ಸೂತಕ ಆದ್ರೆ ಹತ್ತು ದಿನಕ್ಕೆ ಹೋಗತ್ತೆ. ಇದು ಬೇರೆ ಥರದ್ದು ಅಂದ್ರೆ ಜನ್ಮ ಪೂರ್ತಿ ಹೋಗಲ್ಲ. ಎರಡರಲ್ಲಿ ಯಾವುದು ಅಂತ ಯೋಚ್ನೆ ಮಾಡಿ ಸೋಮವಾರ ಹೇಳು. ಬೀಗರ ಕಡೆಯೋರಿಗೆ ನಾನು ಉತ್ತರ ಕೊಡ್ಬೇಕು."

ಅಲಮೇಲಮ್ಮ ಫೋನ್ ಇಟ್ಟು ಗಂಡನ ಮುಂದೆ ಕೂತರು. "ಆ ಜೆರಾಕ್ಸ್ ಅವತ್ತೇ ಮಾಡಿಸಿದ್ರೆ ಇಷ್ಟು ಹೊತ್ತಿಗೆ ಅರ್ಧ ಬುಟ್ಟಿ ಮುಗ್ದಿರೋವು. ನನ್ನ ಮಾನ ಹೋಗ್ತಿದೆ ರೀ" ಎಂದರು. ಸೇತುರಾಮರಿಗೂ ಸಂಕಟವಾಯಿತು. ಆದರೆ ಅವರು ಹೇಳಿದ್ದು, "ಅನುಮತಿ ಸಿಗ್ಲಿ ಅಲಮೇಲು, ಒಂದೇ ದಿನದಲ್ಲಿ ಮಾಡಿಸ್ತೀನಿ" ಎಂದು. ಅವರು ಹಾಗೆಯೇ, ಏನು ಮಾಡುವುದು.

ಅಷ್ಟರಲ್ಲಿ ಮುನ್ನಾ ರಂಗಕ್ಕಿಳಿದಿದ್ದ. ಮುನ್ನಾ ನಮ್ಮ ವಾರ್ಡಿನ ಮುಂದಿನ ಕಾರ್ಪೊರೇಟರ್. ಚುನಾವಣೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ವರ್ಷಗಳಿಂದ ಅವನು ಮುಂದಿನ ಕಾರ್ಪೊರೇಟರ್ ಆಗಿಯೇ ಇದ್ದಾನೆ. ಭಾನುವಾರ ಬೆಳಗ್ಗೆ ನೋಡಿದರೆ ಪಕ್ಕದಲ್ಲಿ ಇನ್ನೊಂದು ಫ್ಲೆಕ್ಸ್: 'ಬುಟ್ಟಿ ಅಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ'. ಅದರಲ್ಲಿ ಅಮ್ಮನಿಗಿಂತ ಮುನ್ನಾ ದೊಡ್ಡದಾಗಿದ್ದ. ಹತ್ತು ಗಂಟೆಗೆ ಸಂತಾಪ ಸಭೆ, ಮೈಕು, ಶಾಮಿಯಾನ, ಕೇಸರಿಬಾತು.

"ಸಭೆ ಬೇಡ ಕಣಯ್ಯಾ" ಎಂದರು ಸೇತುರಾಮರು.

"ನಿಮ್ಮ ದುಃಖ ನಿಮ್ಮೊಬ್ಬರದೇ ಅಲ್ಲ ಅಂಕಲ್, ಇಡೀ ಏರಿಯಾದ್ದು. ನೀವೂ ಎರಡು ಮಾತಾಡ್ಬೇಕು."

ಮೈಕು ಎಂದ ಕೂಡಲೇ ಸೇತುರಾಮರಿಗೆ ಹೊಸ ಆಸೆ ಹುಟ್ಟಿತು. ಫ್ಲೆಕ್ಸನ್ನು ಯಾರೂ ಓದದಿದ್ದರೆ ತಾವೇ ಓದಿ ಹೇಳಬಹುದು. ಹೀಗೆ ಅವರು ಬೀರು ತೆಗೆದು, ಪುಸ್ತಕವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಸರ್ಕಲಿಗೆ ಬಂದರು. ಮುನ್ನಾ ಅದನ್ನು ಫೋಟೋದ ಮುಂದಿನ ಮೇಜಿನ ಮೇಲೆ, ದೊಡ್ಡ ದೀಪದ ಪಕ್ಕ ಇಡಿಸಿ ಹೂವೇರಿಸಿದ.

ಸಭೆ ಚೆನ್ನಾಗಿಯೇ ನಡೆಯಿತು. ಗೋಪಾಲಮ್ಮ ತಾವೂ ದಾಕ್ಷಾಯಣಮ್ಮನೂ ಒಂದೇ ತಟ್ಟೆಯಲ್ಲಿ ಉಂಡವರೆಂದರು. ಆಟೋ ಸ್ಟ್ಯಾಂಡಿನ ಖಾದರ್ ಬಾಷಾ, ಅಮ್ಮ ತನ್ನ ಆಟೋದಲ್ಲಿ ಎಷ್ಟು ದೂರ ಹೋದರೂ ಮೀಟರಿನ ಮೇಲೆ ಚೌಕಾಸಿ ಮಾಡಿದವರಲ್ಲ ಎಂದ. ಮುನ್ನಾ ಮಾತ್ರ ಸೇತುರಾಮರಿಗೆ ಮೈಕು ಬಿಡದೆ ಅರ್ಧ ಗಂಟೆ ಮಾತಾಡಿದ. "ಅಮ್ಮನ ಆಶೀರ್ವಾದ ಇಲ್ದೆ ನಾನು ಒಂದ್ ಚರಂಡಿ ಕೆಲಸಾನೂ ಶುರು ಮಾಡ್ದೋನಲ್ಲ. ಈ ಸರ್ಕಲ್‌ಗೆ ಅಮ್ಮನ ಹೆಸರು ಇಡೋವರ್ಗೂ ನಾನು ವಿರಮಿಸಲ್ಲ. ಈಗ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸ್ಬೇಕು."

ಆಗಲೇ ಒಂದು ಆಟೋ ಬಂದು ನಿಂತದ್ದು. ಬಿಳಿ ಕೂದಲಿನ ಒಬ್ಬ ಅಜ್ಜಿ ಇಳಿದರು, ಜೊತೆಗೆ ನಡುವಯಸ್ಸಿನ ಒಬ್ಬರು. ಅಜ್ಜಿ ಸೀದಾ ಫ್ಲೆಕ್ಸಿನ ಹತ್ತಿರ ಹೋದರು. ಚೀಲದಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಹಾಕಿಕೊಂಡು, ಇರುವೆಯಷ್ಟಿದ್ದ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಮೂರು ದಿನದಲ್ಲಿ ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ. ಆಮೇಲೆ ಬಂದು ನನ್ನ ಪಕ್ಕ ನಿಂತರು.

"ಯಾರು ತೀರ್ಕೊಂಡಾರ್ರೀ?" ಎಂದು ಪಿಸುಗುಟ್ಟಿದರು.

ಸತ್ಯ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನಗೂ ಅಭ್ಯಾಸವಾಗಿಹೋಗಿತ್ತು. "ದಾಕ್ಷಾಯಣಮ್ಮ ಅಂತ" ಎಂದೆ.

"ಹೌದಾ. ಪಾಪ" ಎಂದು ಅವರೂ ಕಣ್ಣು ಮುಚ್ಚಿ, ಕೈ ಕಟ್ಟಿ ಮೌನಕ್ಕೆ ನಿಂತರು.

ಮೌನ ಮುಗಿಯಿತು. ಮುನ್ನಾ ಮೈಕಿನಲ್ಲಿ, "ಅಮ್ಮ ನಮ್ಮನ್ನ ಬಿಟ್ಟು ಹೋಗಿದಾರೆ, ಆದ್ರೆ" ಎಂದು ಶುರು ಮಾಡಿದ.

"ಎಲ್ಲಿ ಹೋಗೀನೋ ತಮ್ಮಾ" ಎಂದರು ಅಜ್ಜಿ ಮೇಜಿನ ಹತ್ತಿರ ಹೋಗಿ. "ಮತ್ತಿಕೆರೆಯಾಗ ಅದೀನಿ. ಬಂದು ಭೆಟ್ಟಿ ಆಗ್ರಿ ಅಂತ ಇದ್ರಾಗ ಬರದಾರಲ್ಲ, ಅದಕ್ಕ ಬಂದೀನಿ. ಸೇತುರಾಮ ಅಂದ್ರ ಯಾರು?"

ಮುನ್ನಾ ಒಮ್ಮೆ ಫೋಟೋ ನೋಡಿದ, ಒಮ್ಮೆ ಅಜ್ಜಿಯನ್ನು ನೋಡಿದ. ಜಡೆ ಇರಲಿಲ್ಲ, ಆದರೆ ಕುಂಕುಮ ಅಷ್ಟೇ ಅಗಲವಿತ್ತು, ಕೈಯಲ್ಲಿ ಬುಟ್ಟಿಯೂ ಇತ್ತು. ಅವನು ಹಿಂದೆ ಹಿಂದೆ ಹೋಗಿ ಮೇಜಿಗೆ ಡಿಕ್ಕಿ ಹೊಡೆದು ಬಿದ್ದ. ದೀಪ ಮಗುಚಿ ಎಣ್ಣೆ ಪೂರ್ತಿ ಪುಸ್ತಕದ ಮೇಲೆ ಸುರಿಯಿತು. ಬತ್ತಿ ಇನ್ನೂ ಉರಿಯುತ್ತಿದೆಯೆಂದು ಹೆದರಿ ಖಾದರ್ ಬಾಷಾ ಒಂದು ಬಕೆಟ್ ನೀರು ತಂದು ಹೊಯ್ದ. ಪುಸ್ತಕವನ್ನು ಎಣ್ಣೆಯಿಂದ, ನೀರಿನಿಂದ, ಮೂರ್ಖರ ಕೈಯಿಂದ ಕಾಪಾಡಬೇಕು ಎಂದು ಹಿರಿಯರು ಹೇಳುತ್ತಿದ್ದರು. ಅಷ್ಟೂ ಒಂದೇ ನಿಮಿಷದಲ್ಲಿ ಆಗಿಹೋದವು.

ಮುನ್ನಾನನ್ನು ಮಾತ್ರ ಮೆಚ್ಚಬೇಕು. ಎದ್ದವನೇ ಫೋಟೋದ ಹಾರ ತೆಗೆದು ಅಜ್ಜಿಯ ಕೊರಳಿಗೆ ಹಾಕಿ, ಅದು ಸನ್ಮಾನ ಸಮಾರಂಭವೆಂದು ಮೈಕಿನಲ್ಲಿ ಹೇಳಿಬಿಟ್ಟ. ಕೇಸರಿಬಾತು ಹೇಗೂ ಇತ್ತು.

ಅಜ್ಜಿಯ ಜೊತೆ ಬಂದವರು ಅವರ ತಮ್ಮನ ಮಗ ವಿಶ್ವನಾಥ. ಸೇತುರಾಮರಿದ್ದ ಕಾಲೇಜಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಹುಬ್ಬಳ್ಳಿಗೆ ಹೋದ ರಿಜಿಸ್ಟರ್ಡ್ ಪತ್ರ ಆ ಬೀದಿಯವರೆಗೆ ಕೈಯಲ್ಲೇ ಒಯ್ದು ಕೊಡಬಹುದಿತ್ತು. ಬೆಳಗ್ಗೆ ಹಾಲು ತರಲು ಗಾಡಿಯಲ್ಲಿ ಬಂದ ವಿಶ್ವನಾಥ ಫ್ಲೆಕ್ಸ್ ನೋಡಿ, ಕೈಕಾಲು ತಣ್ಣಗಾಗಿ ಮನೆಗೆ ಫೋನ್ ಮಾಡಿ, "ಅತ್ತೀ, ನೀ ಆರಾಮ ಅದಿಯಲ್ಲ?" ಎಂದು ಕೇಳಿದರಂತೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಎಲ್ಲರೂ ಸೇತುರಾಮರ ಮನೆಗೆ ಬಂದೆವು. ಅಲಮೇಲಮ್ಮ ಕಾಫಿ ಕೊಟ್ಟರು. ಸೇತುರಾಮರು ನಾನು ಬರೆದುಕೊಟ್ಟಿದ್ದ ಅನುಮತಿ ಪತ್ರ ಮುಂದಿಟ್ಟು, "ಅಮ್ಮಾ, ನಿಮ್ಮ ಒಪ್ಪಿಗೆ ಇಲ್ದೆ ಒಂದು ಪುಟಾನೂ ನಕಲು ಮಾಡಿಲ್ಲ" ಎಂದರು.

"ನನ್ನ ಫೋಟೋ ಯಾರ್ನ ಕೇಳಿ ಹಾಕಿದ್ರಿ?" ಎಂದರು ದಾಕ್ಷಾಯಣಮ್ಮ.

ಅಷ್ಟು ದೊಡ್ಡ ಪುಸ್ತಕದಲ್ಲಿ ಸೇತುರಾಮರು ನಕಲು ಮಾಡಿಸಿದ್ದು ಒಂದೇ, ಅದೂ ಆಳೆತ್ತರ.

"ಇರ್ಲಿ ಬಿಡ್ರಿ, ಛಲೋ ಬಂದೈತಿ" ಎಂದು ಅಜ್ಜಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಾ ಬಂದದ್ದು ಆ ಪುಸ್ತಕ ನೋಡಾಕ. ನನ್ನ ಹತ್ರ ಒಂದೂ ಉಳಿದಿಲ್ಲ. ಕೈಗೂ ಈಗ ಮರವು ಬಂದೈತಿ, ನೆಲ್ಲಿಕಾಯಿ ಗಂಟು ಅರ್ಧಕ್ಕ ಬಂದು ಬಿಟ್ಟು ಹೋಗತೈತಿ. ಒಂದ್ಸಲ ನೋಡಿದ್ರ ಬರತೈತಿ. ಎಲ್ಲೈತ್ರೀ?" ಎಂದರು.

ಪುಸ್ತಕ ಬಾಗಿಲ ಹತ್ತಿರ ಸ್ಟೀಲ್ ತಟ್ಟೆಯಲ್ಲಿತ್ತು. ನೆನೆಸಿಟ್ಟ ಅವಲಕ್ಕಿಯ ಹಾಗಿತ್ತು. ಸೇತುರಾಮರಿಗೆ ಅಳು ಬಂದುಬಿಟ್ಟಿತು. ಇಷ್ಟು ವರ್ಷ ಎದುರು ಮನೆಯಲ್ಲಿದ್ದೇನೆ, ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ನಾನು ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಅಮ್ಮಾ" ಎಂದರು. ಅಲಮೇಲಮ್ಮ ಕೂಡ ಬೈಯಲಿಲ್ಲ.

ಆಗ ಬಾಗಿಲಲ್ಲಿ ಮುಬಶ್ಶಿರ್ ಕಾಣಿಸಿಕೊಂಡ. ಸಭೆಯ ಸುದ್ದಿ ಕೇಳಿ ಬಂದಿದ್ದ. ಕಂಕುಳಲ್ಲಿ ಸ್ಪೈರಲ್ ಬೈಂಡ್ ಮಾಡಿದ ಒಂದು ಕಟ್ಟಿತ್ತು.

"ಸಾರ್, ಅವತ್ತೇ ಹೇಳೋಕ್ ಬಂದೆ, ನೀವ್ ಬಿಡ್ಲಿಲ್ಲ. ನೀವು ನಿಲ್ಸು ಅಂದಾಗ ಆಗ್ಲೇ ಪೂರ್ತಿ ಸ್ಕ್ಯಾನ್ ಆಗ್ಬಿಟ್ಟಿತ್ತು. ನಿಮ್ ಕೈಲಿದ್ದ ಆ ಮೊದಲ್ನೇ ಹಾಳೆ ಒಂದೇ ಇಲ್ಲ. ಡಿಲೀಟ್ ಮಾಡೋಕೆ ಮನಸ್ ಬರ್ಲಿಲ್ಲ."

ದಾಕ್ಷಾಯಣಮ್ಮ ಅದನ್ನು ಇಸಿದುಕೊಂಡು ನೆಲ್ಲಿಕಾಯಿ ಗಂಟಿನ ಪುಟ ತೆಗೆದರು. ಅಲಮೇಲಮ್ಮ ಓಡಿಹೋಗಿ ಎರಡೆಳೆ ಹಸಿರು ವೈರ್ ತಂದು ಕೊಟ್ಟರು. ಅಜ್ಜಿಯ ಬೆರಳು ಮೊದಲು ತಡವರಿಸಿತು, ಚಿತ್ರ ನೋಡಿತು, ಮಡಚಿತು, ಎಳೆಯಿತು. ಒಂದು ನೆಲ್ಲಿಕಾಯಿ ಮೂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಅಲಮೇಲಮ್ಮ ನೆಲದ ಮೇಲೆ ಅವರ ಕಾಲ ಬುಡದಲ್ಲಿ ಕೂತು ತಾವೂ ಹಾಕತೊಡಗಿದರು, ಮೂರನೆಯದು ಅವರ ಕೈಯಲ್ಲೇ ಬಂತು.

ಫೋನು ಹೊಡೆದುಕೊಂಡಿತು. ಸೋಮವಾರದವರೆಗೆ ಕಾಯಲು ಅಕ್ಕನಿಗೆ ಆಗಿರಲಿಲ್ಲ. ಅಲಮೇಲಮ್ಮನ ಎರಡೂ ಕೈ ವೈರಿನಲ್ಲಿದ್ದವು, ಅಕ್ಕನ ಸೂತಕದ ಮಾತು ಅಜ್ಜಿಗೆ ಹೇಳಿ, ಫೋನನ್ನು ಗಂಡನ ಕೈಯಿಂದ ಅವರ ಕಿವಿಗೆ ಹಿಡಿಸಿದರು.

"ಹಲೋ, ಯಾರು?" ಎಂದರು ಅಕ್ಕ.

"ನಾನ್ರೀ ಯವ್ವಾ, ಸತ್ತಾಕಿ" ಎಂದರು ದಾಕ್ಷಾಯಣಮ್ಮ. "ಸೂತಕ ಗೀತಕ ಏನಿಲ್ಲ, ಕಾಫಿ ಕುಡ್ಯಾಕತ್ತೀನಿ. ನಿಮ್ಮ ತಂಗಿ ಗಂಟು ಹಾಕಾಕತ್ತಾಳ, ಛಂದ ಬರಾಕತ್ತೈತಿ."

ಅಕ್ಕ, ಬುಟ್ಟಿಯ ಹಿಡಿ ಮಾತ್ರ ಕೆಂಪು ಬಣ್ಣದ್ದಿರಲಿ ಎಂದು ಹೇಳಿ ಫೋನ್ ಇಟ್ಟರು.

ಎಲ್ಲ ಮುಗಿಯಿತು ಎಂದು ನಾನು ಸೀಲು ಹೊರತೆಗೆದೆ. ಸೇತುರಾಮರು ಮುಖ ತೊಳೆದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು, "ಇದು ಅನುಮತಿಗೆ ಮುಂಚೆ ಆಗಿರೋ ನಕಲು, ಅದನ್ನೂ ಪತ್ರದಲ್ಲಿ ಸೇರಿಸ್ಬೇಕು ವಕೀಲ್ರೇ" ಎಂದರು. ಮುಬಶ್ಶಿರ್ ಗೋಡೆ ನೋಡಿದ. ನಾನು ಸೇರಿಸಿದೆ. ದಾಕ್ಷಾಯಣಮ್ಮ ಪೆನ್ನು ಹಿಡಿದು, ಸಹಿ ಮಾಡುವ ಮೊದಲು ಒಂದು ಮಾತು ಹೇಳಿದರು. ಅದನ್ನು ಅವರು ಹೇಳಬಾರದಿತ್ತು.

"ಸಹಿ ಏನೋ ಮಾಡ್ತೀನ್ರಿ. ಆದ್ರ ಈ ನೆಲ್ಲಿಕಾಯಿ ಗಂಟು ನಂದಲ್ಲ. ನಮ್ಮ ಓಣ್ಯಾಗ ಚನ್ನಕ್ಕ ಅಂತ ಒಬ್ಬಾಕಿ ಇದ್ಲು. ಅಕೀ ಹೆಣೆಯೋದು ಕದ್ದು ನೋಡಿ ಬರಕೊಂಡಿದ್ದೆ. ಅಕೀನ್ನ ಕೇಳಿರಲಿಲ್ಲ."

ಅಲಮೇಲಮ್ಮನ ಕೈ ನಾಲ್ಕನೇ ಗಂಟಿನಲ್ಲಿ ನಿಂತುಹೋಯಿತು. ಸೇತುರಾಮರು ಮೆಲ್ಲಗೆ ಅಜ್ಜಿಯ ಕೈಯಿಂದ ಪೆನ್ನು ತೆಗೆದುಕೊಂಡರು.

"ಆ ಚನ್ನಕ್ಕನವರು ಈಗ ಎಲ್ಲಿದಾರೆ?"

"ಅಕಿ ಖರೇನ ಸತ್ತಾಳ್ರೀ. ಭಾಳ ವರ್ಷ ಆತು."

ಸೇತುರಾಮರ ಮುಖ ಆ ದಿನ ಮೊದಲ ಸಲ ಅರಳಿತು. ಅವರು ನನ್ನ ಕಡೆ ತಿರುಗಿ, "ಅರವತ್ತು ವರ್ಷ ಆಗಿದೆಯಾ ಕೇಳಿ ವಕೀಲ್ರೇ" ಎಂದರು.